ರೋಜಮ್ಮನ ಉಸ್ತುವಾರಿ

ಅಮೆರಿಕಕ್ಕೆ ಹೋಗಿಬಂದವರಿಗೆ ತಿಪಟೂರಿನಲ್ಲಿ ಕೆಲವು ಪ್ರಶ್ನೆಗಳು ಕಡ್ಡಾಯ. ನಯಾಗರ ನೋಡಿದ್ರಾ? ಅಲ್ಲಿ ಕರಿಬೇವು ಸಿಗುತ್ತಾ? ಸೊಸೆ ಚೆನ್ನಾಗಿ ನೋಡ್ಕೊಂಡಳಾ? ದಿನವೆಲ್ಲ ಏನು ಮಾಡ್ತಾ ಕಾಲ ಕಳೆದ್ರಿ? ಮೊದಲ ಮೂರಕ್ಕೆ ನಾನೂ ಎಲ್ಲರಂತೆಯೇ ಉತ್ತರ ಹೇಳುತ್ತೇನೆ. ನಾಲ್ಕನೆಯದಕ್ಕೆ ಮಾತ್ರ "ಜೇಡ ನೋಡ್ಕೊಂಡಿದ್ದೆ" ಅನ್ನುತ್ತೇನೆ. ಮಗನ ಮನೆಯಲ್ಲಿ ಕಸ ಗುಡಿಸಿ ಧೂಳು ಹೊಡೆಯುವ ಕೆಲಸ ನನಗೆ ಬಿದ್ದಿತ್ತು, ಅದನ್ನು ಹೀಗೆ ನಾಜೂಕಾಗಿ ಹೇಳುತ್ತಿದ್ದೇನೆ ಅಂದುಕೊಂಡು ಕೇಳಿದವರು ಪಾಪ ಮಾತು ಬದಲಿಸುತ್ತಾರೆ.

ಅವರು ಹಾಗೆ ತಿಳಿದರೆ ಆಶ್ಚರ್ಯವಿಲ್ಲ. ನಮ್ಮ ಕಡೆ ಜೇಡಕ್ಕೂ ಮನುಷ್ಯನಿಗೂ ಇರುವ ನಂಟು ಗೌರಿಹಬ್ಬಕ್ಕೆ ಮುಂಚೆ ಗಳುವಿನ ತುದಿಗೆ ಪೊರಕೆ ಕಟ್ಟುವಲ್ಲಿ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಗಳು ಹಿಡಿಯುವವಳು ನನ್ನ ಹೆಂಡತಿ. ಕೆಳಗೆ ನಿಂತು "ಅಗೋ, ಆ ಮೂಲೇಲಿ, ತೊಲೆ ಹಿಂದೆ, ಇನ್ನೂ ಸ್ವಲ್ಪ ಎಡಕ್ಕೆ" ಎಂದು ತೋರಿಸುವವನು ನಾನು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನಿಗೆ ಉಸ್ತುವಾರಿಯ ಚಾಳಿ ಪಿಂಚಣಿಯ ಜೊತೆಗೇ ಬರುತ್ತದೆ. ಒಲೆಯ ಮುಂದೆ ನಿಂತವಳಿಗೆ "ಉಪ್ಪು ಹಾಕಿದ್ಯಾ?", ಹಾಲಿಟ್ಟವಳಿಗೆ "ಉಕ್ಕುತ್ತೆ ನೋಡು", ಮಲಗಲು ಹೊರಟವಳಿಗೆ "ಚಿಲಕ?" ಇಷ್ಟನ್ನಾದರೂ ಕೇಳದಿದ್ದರೆ ನನಗೆ ಅವತ್ತಿನ ದಿನ ಸರಿಯಾಗಿ ಮುಗಿದಂತಾಗುವುದಿಲ್ಲ. "ನೀವು ಆಫೀಸಿಗೆ ಹೋಗ್ತಿದ್ದಾಗಲೇ ಚೆನ್ನಾಗಿತ್ತು" ಎಂಬುದು ಈ ವಿಷಯದಲ್ಲಿ ಅವಳು ಬರೆದ ಷರಾ. ಅದರ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

ಇಂಥ ನನ್ನ ಕೈಗೆ ಟೆಕ್ಸಾಸಿನಲ್ಲಿ ಒಂದು ಟ್ಯಾರಂಟುಲಾ ಬಂತು. ಮಗನ ಮನೆ ಡಲ್ಲಾಸ್ ಪಟ್ಟಣದ ಹೊರಗಿನ ಬಡಾವಣೆಯಲ್ಲಿದೆ. ಮೊಮ್ಮಗಳಿಗೆ ಏನಾದರೊಂದು ಪ್ರಾಣಿ ಸಾಕುವ ಆಸೆ. ನಾಯಿ ತಂದರೆ ದಿನಾ ಹೊರಗೆ ಕರೆದುಕೊಂಡು ಹೋಗುವವರು ಯಾರು ಎಂದು ಮಗ ಕೇಳಿದನಂತೆ. ಬೆಕ್ಕಿನ ಹೆಸರೆತ್ತಿದರೆ ಸಾಕು, ಸೊಸೆಗೆ ಸೀನು ಬರುತ್ತದೆ. ಹುಡುಗಿ ಚುರುಕು. ಅಪ್ಪ ಅಮ್ಮ ಯಾವ ಕಾರಣಕ್ಕೂ ಬೇಡ ಅನ್ನಲಾಗದ ಪ್ರಾಣಿ ಯಾವುದು ಎಂದು ಹುಡುಕಿ ಒಂದು ಪಟ್ಟಿ ಮಾಡಿದಳು: ಬೊಗಳುವುದಿಲ್ಲ, ಸೋಫಾ ಪರಚುವುದಿಲ್ಲ, ವಾಸನೆಯಿಲ್ಲ, ಲಸಿಕೆ ಬೇಕಿಲ್ಲ, ವಾರಕ್ಕೊಂದು ಹುಳ ತಿನ್ನುತ್ತದೆ, ನಾವು ಊರಿಗೆ ಹೋದರೂ ಅಳುವುದಿಲ್ಲ. ಮಗ ಕಂಪ್ಯೂಟರ್ ಕೆಲಸದವನು. ಪ್ರಾಣಿಯನ್ನು ನೋಡುವ ಮೊದಲೇ ಪಟ್ಟಿ ನೋಡಿ ಮಂಜೂರು ಮಾಡಿಬಿಟ್ಟ. ಸೊಸೆ ಪ್ರಾಣಿಯನ್ನು ನೋಡಿದ್ದು ಅದು ಮನೆಗೆ ಬಂದ ಮೇಲೆ.

ಅದು ಚಿಲಿ ದೇಶದ ಜಾತಿ. ಬೆನ್ನಿನ ಮೇಲಿನ ರೋಮಕ್ಕೆ ಗುಲಾಬಿ ಛಾಯೆ ಇರುವುದರಿಂದ ಅಂಗಡಿಯಲ್ಲಿ ಅದಕ್ಕೆ ರೋಸ್ ಹೇರ್ ಎನ್ನುತ್ತಾರೆ. ಮೊಮ್ಮಗಳು ರೋಸಿ ಎಂದು ಕರೆದಳು. ನಮ್ಮವಳ ಬಾಯಲ್ಲಿ ಅದು ರೋಜಮ್ಮ ಆಗುವುದಕ್ಕೆ ಅರ್ಧ ದಿನವೂ ಹಿಡಿಯಲಿಲ್ಲ.

ಮೊದಲ ಸಲ ಗಾಜಿನ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದಾಗ ಅಂಗೈಯಗಲದ ಕಂದುಬಣ್ಣದ ಜೀವವೊಂದು ಮರದ ತೊಗಟೆಯ ಮರೆಯಲ್ಲಿ ಸುಮ್ಮನೆ ಕೂತಿತ್ತು. ಕಾಲು ಎಣಿಸಿದೆ. ಹತ್ತು ಬಂತು. "ತಾತ, ಮುಂದಿನ ಎರಡು ಕಾಲಲ್ಲ, ಕೈ ಥರ" ಎಂದು ಮೊಮ್ಮಗಳು ತಿದ್ದಿದಳು. ತಲೆಯ ಮೇಲೆ ಸಾಸಿವೆಯಷ್ಟು ದಿಬ್ಬ, ಅದರ ಮೇಲೆ ಒತ್ತೊತ್ತಾಗಿ ಎಂಟು ಕಣ್ಣು. ಎಂಟಿದ್ದೂ ನೋಟ ಅಷ್ಟಕ್ಕಷ್ಟೆ. ಬೆಳಕು ಕತ್ತಲೆಗಿಂತ ಹೆಚ್ಚಿನದೇನೂ ಅದಕ್ಕೆ ತಿಳಿಯುವುದಿಲ್ಲವಂತೆ. ಲೋಕವ್ಯವಹಾರವೆಲ್ಲ ಕಾಲಿನ ರೋಮದಲ್ಲೇ. ನೆಲದ ಅದುರು, ಗಾಳಿಯ ಸುಳಿ, ರುಚಿ ಕೂಡ ಅಲ್ಲಿಂದಲೇ ತಿಳಿಯಬೇಕು. ನಾನು ನೋಡುತ್ತಿದ್ದಾಗ ಒಂದು ಕಾಲೆತ್ತಿತು, ಮುಂದಿನ ನೆಲವನ್ನು ಎರಡು ಸಲ ತಟ್ಟಿತು, ಇಟ್ಟಿತು. ಆಮೇಲೆ ಇನ್ನೊಂದು. ಅಷ್ಟಾದ ಮೇಲೆ ಸಂಜೆಯವರೆಗೂ ಅಲುಗಲಿಲ್ಲ.

ಬೇಸಿಗೆ ರಜೆಯಲ್ಲಿ ಮಗನ ಸಂಸಾರ ಯೆಲ್ಲೋಸ್ಟೋನ್ ನೋಡಲು ಹೊರಟಿತು. ನಮ್ಮವಳ ಮಂಡಿನೋವಿನ ನೆಪದಲ್ಲಿ ನಾವು ಮನೆಯಲ್ಲೇ ಉಳಿದೆವು. ಹೊರಡುವ ಹಿಂದಿನ ರಾತ್ರಿ ಮೊಮ್ಮಗಳು ನನಗೆ ಶಾಸ್ತ್ರೋಕ್ತವಾಗಿ ಚಾರ್ಜು ವಹಿಸಿದಳು. ರೆಕಾರ್ಡ್ ರೂಮಿನ ಬೀಗದ ಕೈಯಿಂದ ಹಿಡಿದು ಚುನಾವಣೆಯ ಪೆಟ್ಟಿಗೆಗಳವರೆಗೆ ಏನೇನಕ್ಕೋ ಚಾರ್ಜು ತಗೊಂಡವನು ನಾನು. ಆದರೂ ಇಂಥ ಪಟ್ಟಿ ನೋಡಿರಲಿಲ್ಲ. ನೀರಿನ ಬಟ್ಟಲು ತುಂಬಿರಬೇಕು. ಡಬ್ಬಿಯನ್ನು ಬಿಸಿಲಿಗೆ ಇಡಬೇಡಿ. ದೀಪದ ಶಾಖ ಕೊಡಬೇಡಿ, ಮನೆಯ ಸೆಕೆ ಸಾಕು. ಸುಮ್ಮಸುಮ್ಮನೆ ಮುಚ್ಚಳ ತೆಗೆಯಬೇಡಿ. ಒಳಗೆ ಉಸಿರು ಊದಬೇಡಿ. ಕೈಮೇಲೆ ಹತ್ತಿಸಿಕೊಳ್ಳಬೇಡಿ, ಸೊಂಟದೆತ್ತರದಿಂದ ಬಿದ್ದರೂ ಹೊಟ್ಟೆ ಒಡೆದು ಸಾಯುತ್ತಾಳೆ. ಬೆನ್ನು ತಿರುಗಿಸಿ ಹಿಂಗಾಲಲ್ಲಿ ಹೊಟ್ಟೆ ಉಜ್ಜತೊಡಗಿದರೆ ಮುಚ್ಚಳ ಹಾಕಿ ದೂರ ಹೋಗಿ. ಸಣ್ಣ ಮುಳ್ಳುರೋಮ ತೂರುತ್ತಾಳೆ, ಚರ್ಮಕ್ಕೆ ತಾಗಿದರೆ ನವೆ, ಕಣ್ಣಿಗೆ ಬಿದ್ದರೆ ಡಾಕ್ಟರ ಮನೆ. ಭಾನುವಾರ ಒಂದು ಹುಳ, ಚಿಮಟದಲ್ಲಿ. ಮಾರನೆಯ ದಿನಕ್ಕೂ ತಿನ್ನದಿದ್ದರೆ ತೆಗೆದುಬಿಡಿ. ಕೊನೆಯದಕ್ಕೆ ಕೆಂಪು ಶಾಯಿಯ ಅಡಿಗೆರೆ: ಅಂಗಾತ ಮಲಗಿದ್ದರೆ ಸತ್ತಿಲ್ಲ. ಮುಟ್ಟಬೇಡಿ.

"ಎಲ್ಲ ಬೇಡ ಬೇಡ ಅಂತಲೇ ಇದೆಯಲ್ಲ ಮಗು, ನಾನು ಮಾಡಬೇಕಾದ್ದು ಏನು?" ಎಂದೆ.

"ಏನೂ ಇಲ್ಲ ತಾತ. ಅದೇ ಕೆಲಸ."

ಏನೂ ಮಾಡದೆ ಇಡೀ ಸರ್ವೀಸು ಮುಗಿಸಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಏನೂ ಮಾಡಬಾರದೆಂಬ ಲಿಖಿತ ಆದೇಶವನ್ನು ಕಂಡದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಕಾರು ಹೊರಟು ಬೀದಿ ತಿರುಗುತ್ತಿದ್ದ ಹಾಗೇ ತನಿಖೆ ಶುರು ಮಾಡಿದೆ. ಡಬ್ಬಿಯ ತಳದಲ್ಲಿ ಗೇಣುದ್ದಕ್ಕೆ ಹಾಸಿದ್ದ ಕಂದು ಪುಡಿ ಯಾಕೋ ಪರಿಚಯದ್ದು ಅನ್ನಿಸಿತು. ಬೀರುವಿನಲ್ಲಿ ಅದರದೇ ಇನ್ನೊಂದು ಇಟ್ಟಿಗೆ ಕಾಗದದೊಳಗೆ ಸುತ್ತಿದ್ದು ಸಿಕ್ಕಿತು. ಬಕೆಟ್ಟಿನಲ್ಲಿ ಹಾಕಿ ನೀರು ಸುರಿದರೆ ಸೊಸ್ ಎಂದು ಉಬ್ಬಿ ಬಕೆಟ್ಟು ತುಂಬ ಆಯಿತು. ಮೂಸಿದೆ. ತೆಂಗಿನ ನಾರಿನ ಪುಡಿ! ತಿಪಟೂರಿನವನಿಗೆ ಅದನ್ನು ಯಾರೂ ಪರಿಚಯಿಸಬೇಕಾಗಿಲ್ಲ. ನಾರಿನ ಕಾರ್ಖಾನೆಗಳ ಹಿಂದೆ ಅದರ ಗುಡ್ಡೆಗಳು ಬಿದ್ದಿರುತ್ತಿದ್ದವು. ಮಳೆ ಬಂದರೆ ಕೆಂಪು ನೀರು ಹೊಲಕ್ಕೆ ಹರಿದು ಜಗಳ, ಬೇಸಿಗೆ ಬಂದರೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆ. ನಮ್ಮಲ್ಲಿ ಬೆಲೆಯೇನಿದ್ದರೂ ಕೊಬ್ಬರಿಗೆ. ಕೊಬ್ಬರಿಯ ಬೆಲೆ ಇಳಿದ ದಿನ ಊರೆಲ್ಲ ಮಂಕು. ಆ ಪುಡಿಯನ್ನು ಈಗ ಒತ್ತಿ ಇಟ್ಟಿಗೆ ಮಾಡಿ ಹಡಗು ಹತ್ತಿಸುತ್ತಾರೆ. ಲೋಕದ ಮಾರುಕಟ್ಟೆಗೆ ಹೆಚ್ಚಿನ ಪಾಲು ಹೋಗುವುದು ನಮ್ಮ ದೇಶದಿಂದ ಮತ್ತು ಶ್ರೀಲಂಕಾದಿಂದ. ತೇವ ಹಿಡಿದಿಡುತ್ತದೆ, ಬೇಗ ಕೊಳೆಯುವುದಿಲ್ಲ, ಬಿಲ ತೋಡಿದರೆ ಕುಸಿಯುವುದಿಲ್ಲ. ಹೀಗಾಗಿ ಚಿಲಿಯ ಜೇಡ ಟೆಕ್ಸಾಸಿನಲ್ಲಿ ತೆಂಗಿನ ಸೀಮೆಯ ಹಾಸಿಗೆಯ ಮೇಲೆ ಕೂತಿತ್ತು. ಅವತ್ತಿನಿಂದ ರೋಜಮ್ಮ ನನಗೆ ಊರ ಕಡೆಯವಳಾದಳು.

ಇನ್ನು ಊಟದ ವಿಚಾರ. ಮೊಟ್ಟೆಯೂ ಬರದ ಮನೆಗೆ ಜೀವಂತ ಹುಳದ ಡಬ್ಬಿ ಬಂದಿತ್ತು. ರಾತ್ರಿ ಕಿರ್ ಕಿರ್ ಎನ್ನುವ ಚಿಮ್ಮಂಡೆಗಳು. ಪಟ್ಟಿಯ ಹಿಂಬದಿಯಲ್ಲಿ ಅವುಗಳಿಗೂ ಒಂದು ಕಲಮು: ಹುಳಗಳಿಗೆ ಕ್ಯಾರೆಟ್, ಆಲೂಗೆಡ್ಡೆ ಹಾಕಿ, ಅವು ಚೆನ್ನಾಗಿ ತಿಂದಿದ್ದರೆ ತಿಂದವಳಿಗೂ ಪುಷ್ಟಿ. ನಮ್ಮವಳಿಗೆ ಈ ಕಲಮು ಬಹಳ ಹಿಡಿಸಿತು. ಬೇಡವೆನ್ನುವವರ ನಡುವೆ ಕೊನೆಗೆ ತಿನ್ನುವ ಪ್ರಾಣಿಗಳು ಸಿಕ್ಕವಲ್ಲ! ಕೋಸಂಬರಿಗೆ ಹೆಚ್ಚುವಷ್ಟು ಸಣ್ಣಗೆ ಕ್ಯಾರೆಟ್ ಹೆಚ್ಚಿ ಹಾಕಿದಳು. ಭಾನುವಾರ ಚಿಮಟದಲ್ಲಿ ಒಂದನ್ನು ನಾನು ಎತ್ತಿದಾಗ ಮಾತ್ರ ಆ ಕಡೆ ತಿರುಗಿ "ಕೃಷ್ಣಾರ್ಪಣ" ಎಂದಳು. ಪಾಪದ ಕರ್ತೃತ್ವ ಚಿಮಟ ಹಿಡಿದವನದು, ಅನ್ನದಾನದ ಪುಣ್ಯ ಕ್ಯಾರೆಟ್ ಹೆಚ್ಚಿದವಳದು ಎಂದು ಅವಳೇ ವಿಭಾಗಪತ್ರ ಬರೆದುಕೊಂಡಂತಿತ್ತು.

ಕ್ಯಾರೆಟ್ ಎಷ್ಟು ಖರ್ಚಾಗಿದೆ ಎಂದು ತಿಳಿಯಬೇಡವೇ? ದಾಸ್ತಾನು ಪರಿಶೀಲನೆಗೆಂದು ನಾನು ಡಬ್ಬಿ ತೆಗೆದೆ. ಹುಳಗಳಿಗೆ ಲೆಕ್ಕ ಪರಿಶೋಧನೆ ಇಷ್ಟವಿರಲಿಲ್ಲ. ಒಂದು ನನ್ನ ಕನ್ನಡಕದ ಮೇಲೆ ಹಾರಿತು, ಒಂದು ನಮ್ಮವಳ ನೆರಿಗೆಯೊಳಗೆ, ಉಳಿದವು ಸೊಸೆಯ ಬಿಳಿ ಕಾರ್ಪೆಟ್ಟಿನ ಮೇಲೆ ದಿಕ್ಕಿಗೊಂದು. ಕೆಲವನ್ನು ಲೋಟ ಬೋರಲು ಹಾಕಿ ಹಿಡಿದೆವು. ಮಿಕ್ಕವು ಫ್ರಿಜ್ಜಿನ ಹಿಂದೆ ಸಂಸಾರ ಹೂಡಿ ರಾತ್ರಿಯಿಡೀ ಹಾಡಿದವು. ಅಮೆರಿಕಕ್ಕೆ ಬಂದಾಗಿನಿಂದ ನಿದ್ದೆ ಬರುವುದಿಲ್ಲ, ಮನೆ ಬಿಕೋ ಅನ್ನುತ್ತೆ ಎನ್ನುತ್ತಿದ್ದ ನಮ್ಮವಳು ಅವತ್ತು ಬೆಳಗಿನವರೆಗೆ ಗೊರಕೆ ಹೊಡೆದಳು. "ಊರಲ್ಲೇ ಮಲಗಿದಂಗಿತ್ತು ಕಣ್ರೀ" ಎಂದಳು ಎದ್ದು. ಸೊಸೆ ಬರುವವರೆಗೆ ಅವುಗಳನ್ನು ಹುಡುಕಬಾರದೆಂದು ಒಮ್ಮತದ ತೀರ್ಮಾನವಾಯಿತು.

ರೋಜಮ್ಮನಾದರೋ ಮೇಲೆ ಬಿಟ್ಟ ಹುಳವನ್ನು ಮೂಸಲೂ ಇಲ್ಲ. ಅದು ಅವಳ ಕಾಲನ್ನೇ ಹತ್ತಿ ಆಚೆ ಇಳಿಯಿತು. ಅವಳು ಆ ಕಾಲನ್ನು ಒಂದಿಷ್ಟು ಎತ್ತಿ ಪಕ್ಕಕ್ಕಿಟ್ಟಳು, ಅಷ್ಟೆ. ನಮ್ಮವಳ ಎದೆ ಧಸಕ್ಕೆಂದಿತು. ನಮ್ಮ ವಂಶದಲ್ಲಿ ಪ್ರೀತಿಗೆ ಬಡಿಸುವುದನ್ನು ಬಿಟ್ಟು ಬೇರೆ ಭಾಷೆ ಇಲ್ಲ. ಎಲೆಯ ಮೇಲೆ ಅಡ್ಡ ಕೈ ಹಿಡಿದವನ ಬೆರಳ ಸಂದಿಯಲ್ಲಿ ಹೋಳಿಗೆ ತೂರಿಸಿದರೇ ಉಪಚಾರ. ಅಂಥವಳ ಎದುರಿಗೆ ಒಬ್ಬಳು ಊಟ ಬಿಟ್ಟು ಕೂತರೆ ಹೇಗೆ? ಮಗನಿಗೆ ಫೋನು ಹೋಯಿತು. "ಅಮ್ಮ, ಅವಳು ತಿಂಗಳುಗಟ್ಟಲೆ ತಿನ್ನದೆ ಇರ್ತಾಳೆ. ಆ ಜಾತಿಯೇ ಉಪವಾಸಕ್ಕೆ ಹೆಸರಾದ್ದು. ಕೆಲವು ವರ್ಷದ ಮೇಲೂ ಇದ್ದಿವೆ. ಮೈ ಬಿಸಿ ಇಟ್ಕೊಳ್ಳೋ ಖರ್ಚಿಲ್ಲ, ಓಡಾಟ ಇಲ್ಲ, ಇನ್ನೇನು ಬೇಕು? ಬಿಟ್ಟುಬಿಡಿ" ಎಂದ. ಏಕಾದಶಿಯ ದಿನ ಅವಲಕ್ಕಿ, ಹಣ್ಣು, ಹಾಲು, ಸಬ್ಬಕ್ಕಿ ಉಪ್ಪಿಟ್ಟು ಇಷ್ಟನ್ನು ಬಿಟ್ಟು ಬೇರೇನನ್ನೂ ಮುಟ್ಟದ ನಮ್ಮವಳು ಆಮೇಲಿಂದ ರೋಜಮ್ಮನ ಡಬ್ಬಿಯ ಮುಂದೆ ಹಾಯುವಾಗ ಸೆರಗು ಸರಿಮಾಡಿಕೊಳ್ಳತೊಡಗಿದಳು.

ಹೆದರಿಕೆಯಾಗಲಿಲ್ಲವೇ ಎಂದು ನೀವು ಕೇಳಬೇಕು. ಆಯಿತು. ಹಲ್ಲಿ ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲ ಎಂದು ನೋಡಲು ಪಂಚಾಂಗವಿದೆ. ಒಂಟಿಕೊಪ್ಪಲ್ ಪಂಚಾಂಗವನ್ನು ನಮ್ಮವಳು ಡಲ್ಲಾಸಿಗೂ ತಂದಿದ್ದಳು. ಅದರಲ್ಲಿ ಹಲ್ಲಿಗಿದ್ದ ಸೌಲಭ್ಯ ಟ್ಯಾರಂಟುಲಾಗೆ ಇರಲಿಲ್ಲ. ಫಲ ಗೊತ್ತಿಲ್ಲದ ಪ್ರಾಣಿಗೆ ಭಯ ಜಾಸ್ತಿ. ಆದರೆ ಟ್ಯಾರಂಟುಲಾ ಕಚ್ಚಿ ಮನುಷ್ಯ ಸತ್ತ ಖಚಿತ ದಾಖಲೆ ಇಲ್ಲವಂತೆ. ಈ ಗುಂಪಿನ ಕೆಟ್ಟ ಹೆಸರಿನ ಮೂಲ ಇಟಲಿಯ ದಕ್ಷಿಣದ ತಾರಂತೊ ಎಂಬ ಊರಿನಲ್ಲಿದೆ. ಅಲ್ಲಿ ಹೊಲದಲ್ಲಿ ಜೇಡ ಕಚ್ಚಿದರೆ ವಾದ್ಯದವರನ್ನು ಕರೆಸಿ, ಕಚ್ಚಿಸಿಕೊಂಡವರನ್ನು ದಿನಗಟ್ಟಲೆ ಕುಣಿಸಿ, ಬೆವರಿನಲ್ಲಿ ವಿಷ ಇಳಿಸುತ್ತಿದ್ದರಂತೆ. ಆ ಕುಣಿತ ಈಗಲೂ ತಾರಂತೆಲ್ಲಾ ಎಂದು ಬದುಕಿದೆ. ಚೇಳು ಕುಟುಕಿದಾಗ ಬೇವಿನ ಸೊಪ್ಪು ಹಿಡಿದು ಮಂತ್ರ ಹಾಕುವವರನ್ನು ಹುಡುಕಿಕೊಂಡು ಓಡಿದ ನಮ್ಮ ಜನಕ್ಕೆ ಇದನ್ನು ಕಂಡು ನಗುವ ಹಕ್ಕಿಲ್ಲ. ತಮಾಷೆಯೆಂದರೆ ಆ ಊರಿನ ಜೇಡ ನಮ್ಮ ರೋಜಮ್ಮನ ಕುಲದ್ದೇ ಅಲ್ಲ, ಬಲೆ ಕಟ್ಟದೆ ಓಡಾಡಿ ಬೇಟೆಯಾಡುವ ಇನ್ನೊಂದು ಸಣ್ಣ ಜಾತಿ. ಯಾರದೋ ಅಪಖ್ಯಾತಿ ಯಾರದೋ ಖಾತೆಗೆ ಬದಲಾವಣೆಯಾಗಿದೆ. ಖಾತೆ ಬದಲಾವಣೆಯಲ್ಲಿ ಇಂಥದ್ದು ನಡೆಯುತ್ತದೆಂದು ನಾನು ಬಲ್ಲೆ.

ಹೆದರದೆ ನೋಡಿದವರೂ ಇದ್ದರು. ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಚಿತ್ರಕಾರ್ತಿ 1699ರಲ್ಲಿ ಮಗಳನ್ನು ಕಟ್ಟಿಕೊಂಡು ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿ, ಅಲ್ಲಿನ ಹುಳಹುಪ್ಪಟೆಗಳನ್ನು ಬರೆದು 1705ರಲ್ಲಿ ಪುಸ್ತಕ ತಂದಳು. ಅದರಲ್ಲಿ ಸೀಬೆಮರದ ಕೊಂಬೆಯ ಮೇಲೆ ದೊಡ್ಡ ಜೇಡವೊಂದು ಹಮ್ಮಿಂಗ್ ಬರ್ಡ್ ಹಕ್ಕಿಯನ್ನು ತಿನ್ನುವ ಚಿತ್ರವಿದೆ. ಹೆಂಗಸು ಕಟ್ಟಿದ ಕಥೆ ಎಂದು ಪಂಡಿತರು ಬಹಳ ಕಾಲ ನಂಬಲಿಲ್ಲ. ಹೆನ್ರಿ ವಾಲ್ಟರ್ ಬೇಟ್ಸ್ ಅಮೆಜಾನ್ ಕಾಡಿನಲ್ಲಿ ಅಂಥದ್ದೇ ಸಂಗತಿಯನ್ನು ಕಣ್ಣಾರೆ ಕಂಡು 1863ರಲ್ಲಿ ಬರೆದ ಮೇಲೆ ಅವಳ ಮಾತಿಗೆ ತೂಕ ಬಂತು. ಅದೇ ಬೇಟ್ಸ್ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ: ಅಲ್ಲಿನ ಮೂಲನಿವಾಸಿಗಳ ಮನೆಯೊಂದರ ಮಕ್ಕಳು ಇಂಥ ಜೇಡದ ಸೊಂಟಕ್ಕೆ ದಾರ ಕಟ್ಟಿ ನಾಯಿಯಂತೆ ಮನೆಯೆಲ್ಲ ಎಳೆದಾಡಿಸುತ್ತಿದ್ದರಂತೆ. ಇದನ್ನು ನಾನು ಮೊಮ್ಮಗಳಿಗೆ ಹೇಳಿಲ್ಲ. ಹೇಳಿದರೆ ಮಾರನೆಯ ದಿನವೇ ದಾರದ ಉಂಡೆ ಕೇಳುತ್ತಾಳೆ.

ಜೇಡ ಸಾಕುವವರನ್ನು ವಿಚಿತ್ರ ಜನ ಎನ್ನುವವರು ಜೇಡಗಳ ಮನೆಯೊಳಕ್ಕೂ ಒಮ್ಮೆ ಇಣುಕಬೇಕು. ಪೆರುವಿನ ಕಾಡಿನಲ್ಲಿ ಒಂದು ಜಾತಿಯ ಟ್ಯಾರಂಟುಲಾದ ಬಿಲದಲ್ಲಿ ಪುಟ್ಟ ಕಪ್ಪೆಯೊಂದು ವಾಸ ಮಾಡುತ್ತದೆ. ಜೇಡ ಅದನ್ನು ಮುಟ್ಟಿ ನೋಡುತ್ತದೆ, ಗುರುತು ಹಿಡಿದು ಬಿಟ್ಟುಬಿಡುತ್ತದೆ. ಜೇಡದ ಮೊಟ್ಟೆಗೆ ಬರುವ ಇರುವೆಗಳನ್ನು ಕಪ್ಪೆ ನುಂಗುತ್ತದೆ, ಅದಕ್ಕೆ ಪ್ರತಿಯಾಗಿ ಹಾವುಗಳಿಂದ ರಕ್ಷಣೆ ಪಡೆಯುತ್ತದೆ ಎಂದು ತಿಳಿದವರ ಊಹೆ. ನನಗಿಂತ ಆ ಜೇಡ ಹುಷಾರು. ಕಪ್ಪೆಯನ್ನು ಇಟ್ಟುಕೊಂಡದ್ದಷ್ಟೆ, ಅದಕ್ಕೆ ಕ್ಯಾರೆಟ್ ಹೆಚ್ಚಲು ಹೋಗಿಲ್ಲ.

ಹುಳ ತರಲು ಮಗನ ಜೊತೆ ಅಂಗಡಿಗೆ ಹೋಗಿದ್ದೆ ಎಂದೆನಲ್ಲ? ಹೇಳಿರಲಿಲ್ಲವೋ ಏನೋ. ಹೋಗಿದ್ದೆ. ಅಲ್ಲಿ ಗೋಡೆಯ ಮೇಲೆ ಜೇಡಗಳ ದರಪಟ್ಟಿ. ಕೆಳಗಿನಿಂದ ಓದುತ್ತ ಬಂದವನು ಒಂದು ಸಾಲಿನಲ್ಲಿ ನಿಂತುಬಿಟ್ಟೆ: ಮೈಸೂರ್ ಆರ್ನಮೆಂಟಲ್. ಮೈಸೂರು ಪಾಕು ಗೊತ್ತು, ಮೈಸೂರು ಸಿಲ್ಕು ಗೊತ್ತು, ಮೈಸೂರು ಮಲ್ಲಿಗೆ, ಮೈಸೂರು ಸ್ಯಾಂಡಲ್ ಎಲ್ಲ ಗೊತ್ತು. ಮೈಸೂರಿನ ಹೆಸರಿಟ್ಟುಕೊಂಡು ಒಂದು ಜೇಡವೂ ಇದೆಯೆಂದು ತಿಳಿಯಲು ನಾನು ಡಲ್ಲಾಸಿಗೆ ಹೋಗಬೇಕಾಯಿತು. ಪಶ್ಚಿಮಘಟ್ಟದ ಮರದ ಪೊಟರೆಗಳಲ್ಲಿರುವ ಜಾತಿ. ಲಂಡನ್ನಿನ ಪೊಕಾಕ್ ಎಂಬ ಜೀವಿಶಾಸ್ತ್ರಜ್ಞ 1895ರಲ್ಲೇ ಅದನ್ನು ಪಟ್ಟಿಗೆ ಸೇರಿಸಿದ್ದಾನೆ.

ಅದರ ಮೇಲಿನ ಸಾಲಿನಲ್ಲಿ ಇನ್ನೊಬ್ಬಳು ನೆರೆಮನೆಯವಳು, ಗುತ್ತಿಯ ನೀಲಿ ಜೇಡ. ಹೈದರಾಬಾದಿಗೆ ಹೋಗುವ ರೈಲಿನಲ್ಲಿ ಗುತ್ತಿ ಸ್ಟೇಷನ್ನಿನಲ್ಲಿ ನಾನು ಚಾ ಕುಡಿದದ್ದುಂಟು. ಅದೇ ಊರಿನ ರೈಲ್ವೆ ಕಟ್ಟಿಗೆ ಅಂಗಳದಲ್ಲಿ ಸಿಕ್ಕ ಒಂದೇ ಒಂದು ಜೇಡವನ್ನು ನೋಡಿ ಪೊಕಾಕ್ 1899ರಲ್ಲಿ ಹೆಸರಿಟ್ಟ. ಆಮೇಲೆ ನೂರು ವರ್ಷ ಅದರ ಸುದ್ದಿಯೇ ಇಲ್ಲ. 2001ರಲ್ಲಿ ಅಲ್ಲಿಂದ ದೂರದ ನಂದ್ಯಾಲ, ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಕಾಣಿಸಿತು. ಮೊದಲನೆಯದು ಮರದ ದಿಮ್ಮಿಯ ಜೊತೆ ಟಿಕೆಟ್ಟಿಲ್ಲದೆ ರೈಲಿನಲ್ಲಿ ಗುತ್ತಿಗೆ ಬಂದಿರಬೇಕು. ಹೊಳೆಯುವ ನೀಲಿ ಮೈ, ಕಾಲಿನ ಮೇಲೆ ಹಳದಿ ಮಚ್ಚೆ. ಕಾಡಿನಲ್ಲಿ ಅಳಿವಿನ ಅಂಚಿನಲ್ಲಿದೆ, ಪರದೇಶದ ಗಾಜಿನ ಡಬ್ಬಿಗಳಲ್ಲಿ ಮರಿ ಹಾಕಿಕೊಂಡು ಹಾಯಾಗಿದೆ. ಈ ಕುಲದ ಜೇಡಗಳ ವ್ಯಾಪಾರಕ್ಕೆ 2019ರಿಂದ ಅಂತರರಾಷ್ಟ್ರೀಯ ಕಡಿವಾಣವಿದೆ. ನಮ್ಮಲ್ಲೂ 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ, ಆ ಅಂತರರಾಷ್ಟ್ರೀಯ ಪಟ್ಟಿಯ ಜೀವಿಗಳನ್ನು ಮನೆಯಲ್ಲಿ ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಣಿ ಮಾಡಿಸಬೇಕು. ಕಾಡಿನಿಂದ ಹಿಡಿದು ತರುವ ಯೋಚನೆಯಂತೂ ಬೇಡವೇ ಬೇಡ. ಇವುಗಳಿಗೆ ರೋಮ ತೂರಲು ಬರುವುದಿಲ್ಲ, ಅದಕ್ಕೆ ಬದಲಾಗಿ ಕಚ್ಚುತ್ತವೆ. ಕಚ್ಚಿದರೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡುತ್ತದೆ.

"ನಿಮ್ಮೂರಲ್ಲಿ ಇಷ್ಟೆಲ್ಲ ಇದ್ದೂ ನೀವು ಒಂದನ್ನೂ ನೋಡಿಲ್ವಾ ತಾತ?" ಎಂದು ಮೊಮ್ಮಗಳು ಕೇಳಿದ್ದಳು. ಯೋಚಿಸಿದೆ. ಶಿರಸಿಯ ಕಡೆ ನೆಂಟರ ಮದುವೆಗೆ ಹೋದಾಗ ರಸ್ತೆಬದಿಯ ಧರೆಯಲ್ಲಿ ರೂಪಾಯಿಯಗಲದ ತೂತುಗಳು, ಬಾಯಿಗೆ ಬಿಳಿ ನೂಲಿನ ಅಂಚು ಕಂಡ ನೆನಪು. ಉತ್ತರ ಕನ್ನಡದ ಧರೆಗಳಲ್ಲಿ ಬಿಲ ತೋಡುವ ಟ್ಯಾರಂಟುಲಾ ಇದೆಯಂತೆ. ಅವತ್ತು ನಾನು ಆ ತೂತುಗಳನ್ನು ನೋಡಿ ಬಸ್ಸು ಯಾಕೆ ತಡ ಎಂದು ಕಂಡಕ್ಟರನ್ನು ವಿಚಾರಿಸಲು ಹೋದವನು.

ಎಲ್ಲಿದ್ದೆ? ಹಾಂ, ಉಪವಾಸ. ಆ ಉಪವಾಸಕ್ಕೆ ಕಾರಣವಿತ್ತು. ಒಂದು ಸಂಜೆ ನೀರಿನ ಬಟ್ಟಲು ತುಂಬಲು ಹೋದರೆ ರೋಜಮ್ಮ ನೆಲದ ಮೇಲೆ ಬಿಳಿ ನೂಲಿನ ಚಾಪೆ ಹಾಸುತ್ತಿದ್ದಳು. ಹಿಂಭಾಗದ ಎರಡು ಪುಟ್ಟ ಬೆರಳುಗಳು ಅತ್ತಿಂದಿತ್ತ ಆಡುತ್ತಿದ್ದವು. ದೀಪ ಹಚ್ಚಿ ಬರುವಷ್ಟರಲ್ಲಿ ಆ ಚಾಪೆಯ ಮೇಲೆ ಅಂಗಾತ ಮಲಗಿ, ಎಂಟೂ ಕಾಲು ಮೇಲೆ ಮಾಡಿದ್ದಳು.

"ಹೋದಳು ಕಣ್ರೀ" ಎಂದಳು ನಮ್ಮವಳು.

ಕೆಂಪು ಅಡಿಗೆರೆ ತೋರಿಸಿದೆ. "ಅದು ಮಗು ಬರೆದಿರೋದು, ಅದಕ್ಕೇನು ಗೊತ್ತಾಗುತ್ತೆ" ಎಂದು ದೇವರ ಮುಂದಿನ ಗಂಗೆಯ ಗಿಂಡಿಗೆ ಹೊರಟಳು. ಮಗನ ಸಂಸಾರ ಅಷ್ಟರಲ್ಲಿ ಯೆಲ್ಲೋಸ್ಟೋನಿನ ಒಳಗೆ ಸೇರಿತ್ತು, ಫೋನು ಸಿಗಲಿಲ್ಲ. ಕಾಗದದಲ್ಲಿ ಇನ್ನೊಂದು ವಿವರವಿತ್ತು: ಸಾಯುವ ಜೇಡ ಅಂಗಾತ ಬೀಳುವುದಿಲ್ಲ, ನೆಟ್ಟಗೆ ಕೂತು ಕಾಲನ್ನು ಹೊಟ್ಟೆಯಡಿಗೆ ಮಡಚಿಕೊಳ್ಳುತ್ತದೆ. ಕಾಲು ನೀಡುವುದಕ್ಕೆ ಅದರಲ್ಲಿ ಸ್ನಾಯುವಿಲ್ಲ, ಮೈಯೊಳಗಿನ ದ್ರವದ ಒತ್ತಡದಿಂದಲೇ ನೀಡಬೇಕು. ಜೀವ ಹೋದರೆ ಒತ್ತಡ ಹೋಗಿ ಕಾಲು ಮುದುರುತ್ತದೆ. ಇದನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆ ಗಿಂಡಿ ಕೆಳಗಿಳಿಯಿತು. ಇಬ್ಬರೂ ಕುರ್ಚಿ ಎಳೆದು ಕೂತೆವು.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎದೆಗವಚದ ಅಂಚಿನಲ್ಲಿ ಸಣ್ಣ ಬಿರುಕು, ಒಳಗಿನಿಂದ ಮಸುಕು ಬಿಳುಪು. ಕವಚ ಮುಚ್ಚಳದ ಥರ ಸರಿಯಿತು. ಹೊಟ್ಟೆಯ ಚರ್ಮ ಪಕ್ಕದಲ್ಲಿ ಸೀಳಿ ಸುಕ್ಕಾಗಿ ಹಿಂದೆ ಸರಿಯಿತು. ಕಾಲುಗಳು ಹಳೆಯ ಕಾಲುಗಳೊಳಗಿಂದ ಒಂದೇ ಲಯದಲ್ಲಿ ಎಳೆಎಳೆದು ಬರತೊಡಗಿದವು, ಒದ್ದೆ, ಮೆತ್ತಗೆ, ಅಲುಗಿದರೆ ಬಾಗುವಷ್ಟು. ಗಂಟೆಗಟ್ಟಲೆ ನಡೆಯಿತು. ಹೊರಗಿನ ಚರ್ಮ ಮಾತ್ರವಲ್ಲ, ಬಾಯಿ ಮತ್ತು ಹೊಟ್ಟೆಯ ಒಳಪದರವನ್ನೂ ಕಳಚಿಹಾಕುತ್ತದಂತೆ. ಹೊಸ ಕೋರೆಹಲ್ಲು ನೋಡಿದೆವು: ಅಕ್ಕಿಯಷ್ಟು ಬಿಳುಪು. ಪಕ್ಕದಲ್ಲಿ ಬಿದ್ದಿದ್ದ ಪೊರೆಗೂ ಎಂಟು ಕಾಲು, ಎರಡು ಕೋರೆ, ಕಣ್ಣಿನ ಜಾಗದಲ್ಲಿ ಎಂಟು ಪಾರದರ್ಶಕ ಚುಕ್ಕೆ. ಯಾವುದು ರೋಜಮ್ಮ, ಯಾವುದು ರೋಜಮ್ಮನ ಹಳೇ ಸೀರೆ ಎಂದು ದೂರದಿಂದ ಹೇಳುವಂತಿರಲಿಲ್ಲ.

ಆ ಕ್ಷಣದಿಂದ ಅಧಿಕಾರ ನನ್ನ ಕೈತಪ್ಪಿತು. ನಮ್ಮವಳ ಲೆಕ್ಕದಲ್ಲಿ ಅದು ಅಪ್ಪಟ ಬಾಣಂತನ. ಗಾಳಿ ಸೋಕಬಾರದು, ಪರದೆ ಎಳೀರಿ. ಸದ್ದು ಬೇಡ, ಟಿವಿ ಆರಿಸಿ. ಹಲ್ಲು ಗಟ್ಟಿಯಾಗೋವರೆಗೂ ಏನೂ ಕೊಡಕೂಡದು. ಹುಳದ ಡಬ್ಬಿ ಆಚೆ ಇಡಿ. ಆಶ್ಚರ್ಯವೆಂದರೆ ಮೊಮ್ಮಗಳ ಕಾಗದ ತಿರುಗಿಸಿ ನೋಡಿದರೆ ಅಕ್ಷರಶಃ ಅದೇ ಇತ್ತು: ಪೊರೆ ಬಿಟ್ಟ ಮೇಲೆ ಹತ್ತು ದಿನವಾದರೂ ಊಟ ಬೇಡ, ಕೋರೆ ಕೆಂಪಾಗಿ ಆಮೇಲೆ ಕಪ್ಪಾಗಬೇಕು, ಒಳಗೆ ಹುಳವಿದ್ದರೆ ಮೆತ್ತಗಿನ ಮೈಯನ್ನು ಅದೇ ಕಚ್ಚಿ ತಿಂದೀತು. ಅಜ್ಜಿಗೂ ಮೊಮ್ಮಗಳಿಗೂ ಯಾವ ವಿಷಯದಲ್ಲೂ ಇಷ್ಟು ಒಮ್ಮತವಾದದ್ದನ್ನು ನಾನು ಕಂಡಿಲ್ಲ. ನಾನು ಒಮ್ಮೆ, ಉಸಿರಾಡ್ತಿದೆಯಾ ನೋಡೋಣ ಎಂದು ಮುಚ್ಚಳದ ಕಡೆ ಕೈ ಚಾಚಿದೆ. "ಕೈ ತೆಗೀರಿ" ಎಂಬ ಆ ಧ್ವನಿಯನ್ನು ಮಗ ಹುಟ್ಟಿದ ಕಾಲದಲ್ಲಿ ಕೇಳಿದ್ದೆ.

ಅವರು ವಾಪಸು ಬಂದ ದಿನ ಮೊಮ್ಮಗಳು ಪೆಟ್ಟಿಗೆ ಇಳಿಸುವ ಮೊದಲೇ ಪೊರೆಯನ್ನು ಕೇಳಿ ತೆಗೆದುಕೊಂಡಳು. ಸಾಬೂನು ನೀರಿನಲ್ಲಿ ನೆನೆಸಿ, ಹೊಟ್ಟೆಯ ಭಾಗವನ್ನು ಚಿಮಟದಲ್ಲಿ ಬಿಡಿಸಿ, ಭೂತಗನ್ನಡಿ ಹಿಡಿದು ನೋಡಿದಳು. ಹೆಣ್ಣಾದರೆ ಆ ಪೊರೆಯ ಒಳಬದಿಯಲ್ಲಿ ಒಂದು ಪುಟ್ಟ ಚೀಲದ ಗುರುತಿರುತ್ತದಂತೆ. ಅಲ್ಲಿಯವರೆಗೆ ರೋಸಿ ಎನ್ನುವುದು ನಂಬಿಕೆಯ ಮೇಲೆ ನಡೆದ ಹೆಸರು. "ಲಿಂಗ ಪತ್ತೆ ನಮ್ಮಲ್ಲಿ ಅಪರಾಧ ಕಣೆ, ಆಸ್ಪತ್ರೇಲಿ ಬೋರ್ಡು ಹಾಕಿರ್ತಾರೆ" ಎಂದೆ. ಅವಳು ತಲೆ ಎತ್ತದೆ "ಹೆಣ್ಣು!" ಎಂದು ಕೂಗಿದಳು. ಸೊಸೆ ಸಹ ಚಪ್ಪಾಳೆ ತಟ್ಟಿದಳು. ನಮ್ಮವಳು ಕೇಸರಿಬಾತು ಮಾಡಿದಳು.

ಹೆಣ್ಣಾದರೆ ಸಂತೋಷ ಯಾಕೆ ಎಂದರೆ, ಗಂಡಿಗೆ ಆಯುಸ್ಸಿಲ್ಲ. ಪ್ರಾಯಕ್ಕೆ ಬಂದ ಗಂಡು ಮನೆಬಿಟ್ಟು ಕನ್ಯಾನ್ವೇಷಣೆಗೆ ಹೊರಡುತ್ತದೆ. ಅಮೆರಿಕದ ಒಣ ಬಯಲುಗಳಲ್ಲಿ ಹೀಗೆ ಹೊರಟ ಗಂಡುಗಳು ರಸ್ತೆ ದಾಟುವುದನ್ನು ನೋಡಲಿಕ್ಕೆಂದೇ ಕೊಲರಾಡೊದ ಲಾ ಹುಂಟಾ ಎಂಬ ಊರಿನಲ್ಲಿ ಶರತ್ಕಾಲದಲ್ಲಿ ಜಾತ್ರೆ ಸೇರುತ್ತದೆ. ಆ ಅಲೆದಾಟ ಮುಗಿಯುವಷ್ಟರಲ್ಲಿ ಅದರ ಕಥೆಯೂ ಮುಗಿದಂತೆ. ಹೆಣ್ಣು ಬಿಲ ಬಿಟ್ಟು ಕದಲದೆ ಇಪ್ಪತ್ತು ವರ್ಷ, ಅದಕ್ಕೂ ಮೇಲೆ ಬದುಕುತ್ತದೆ. ನಾನು ಕೂತಲ್ಲೇ ಲೆಕ್ಕ ಹಾಕಿದೆ. ಮೊಮ್ಮಗಳು ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿ ಹೋಗುವಾಗಲೂ ರೋಜಮ್ಮ ಇರುತ್ತಾಳೆ, ಬಳುವಳಿಯಾಗಿ ಜೊತೆಗೇ ಹೋಗುತ್ತಾಳೆ.

"ನಮ್ಮ ಕಾಲದಲ್ಲಿ ಹುಡುಗೀನ ಕೇಳ್ತಿದ್ರು, ಹಾಡೋಕೆ ಬರುತ್ತಾ, ಅಡುಗೆ ಬರುತ್ತಾ ಅಂತ. ಇನ್ನು ನಾವು ಗಂಡನ್ನು ಕೇಳಬೇಕು. ಜೇಡಕ್ಕೆ ನೀರಿಡೋಕೆ ಬರುತ್ತಾ? ಇಟ್ಟ ಮೇಲೆ ಸುಮ್ಮನೆ ಬಿಟ್ಟಿರೋಕೆ ಬರುತ್ತಾ?" ಎಂದೆ ನಮ್ಮವಳಿಗೆ.

ಅವಳು ಕೇಸರಿಬಾತು ಬಡಿಸುತ್ತಿದ್ದವಳು ಸೌಟು ನಿಲ್ಲಿಸಿದಳು. "ಮೊದಲನೇದು ಯಾರು ಬೇಕಾದ್ರೂ ಕಲೀತಾರೆ. ಎರಡನೇದು ಬರೋ ಗಂಡು ಸಿಕ್ಕೋದು ಕಷ್ಟ. ನನಗಂತೂ ಸಿಗಲಿಲ್ಲ" ಎಂದಳು.

ಕೇಸರಿಬಾತಿಗೆ ಸಕ್ಕರೆ ಒಂದು ಚೂರು ಕಡಿಮೆಯಾಗಿತ್ತು. ಹೇಳಲಿಲ್ಲ.